ಪದಚರ್ಚೆ: ‘ಟಾರ್ಕ್’ ಅಂದರೆ ‘ಬಿಗಿತ’ವೇ? ಗೇರ್ ಬಾಕ್ಸ್ ಬೋಲ್ಟುಗಳ ಕೈಪಿಡಿಗೆ ಕನ್ನಡ

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಕಾರಿನ ಗೇರ್ ಬಾಕ್ಸ್ ಇಳಿಸಿ ಮತ್ತೆ ಕೂರಿಸುವ ಕೆಲಸದ ಕೈಪಿಡಿಯೊಂದನ್ನು ಕನ್ನಡಕ್ಕೆ ತರಲಾಗುತ್ತಿದೆ. ಓದುವವರು ಐಟಿಐ ವಿದ್ಯಾರ್ಥಿಗಳು, ಗ್ಯಾರೇಜುಗಳಲ್ಲಿ ಕೆಲಸ ಕಲಿಯುತ್ತಿರುವ ಹುಡುಗರು. ಮೊದಲ ಕರಡಿನ ಒಂದು ಭಾಗ ಹೀಗಿದೆ:

“ಪ್ರಸರಣದ ಬೋಲ್ಟ್‌ಗಳನ್ನು ಸರಿಯಾದ ಬಿಗಿತಕ್ಕೆ ಅಡ್ಡಾದಿಡ್ಡಿ ಕ್ರಮದಲ್ಲಿ ಭದ್ರವಾಗಿ ಬಿಗಿಗೊಳಿಸಿ. ಎಂ10 ಬೋಲ್ಟ್: 50. ತೈಲ ತಟ್ಟೆಯ ಎಂ6 ಬೋಲ್ಟ್: 10.”

ಟಾರ್ಕ್ ಪದಕ್ಕೆ ಇಲ್ಲಿ ‘ಬಿಗಿತ’ ಹಾಕಿದ್ದಾರೆ. ತಿರುಚುಬಲ, ತಿರುಗುಬಲ, ಭ್ರಾಮಕ ಎಂಬ ಪದಗಳೂ ಕಣ್ಣಿಗೆ ಬಿದ್ದಿವೆ. ಯಾವುದು ಸರಿ? ಉಳಿದ ಪದಗಳ ಬಗ್ಗೆಯೂ ತಿದ್ದುಪಡಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1

‘ಬಿಗಿತ’ ಬೇಡವೇ ಬೇಡ. ಕಿವಿಗೆ ಹಿತವಾಗಿದೆ, ಆದರೆ ಕೆಲಸ ಕೆಡಿಸುವ ಪದ ಅದು.

ಟಾರ್ಕ್ ಎಂಬುದು ಬೋಲ್ಟು ತಿರುಗಿಸಲು ಕೈ ಸ್ಪ್ಯಾನರಿಗೆ ಕೊಡುವಂಥದ್ದು. ಬಿಗಿ ಎಂಬುದು ಬೋಲ್ಟಿನಲ್ಲಿ ಉಳಿಯುವಂಥದ್ದು. ಇವೆರಡರ ನಡುವೆ ಘರ್ಷಣೆ ಕೂತಿದೆ. ಸಾಮಾನ್ಯ ಲೆಕ್ಕದಲ್ಲಿ, ಕೊಟ್ಟ ಟಾರ್ಕಿನ ನೂರು ಪಾಲಿನಲ್ಲಿ ಸುಮಾರು 50 ಪಾಲು ಬೋಲ್ಟಿನ ತಲೆಯ ಕೆಳಗಿನ ಘರ್ಷಣೆಗೆ ಹೋಗುತ್ತದೆ, 40 ಪಾಲು ಥ್ರೆಡ್ಡಿನ (ಬೋಲ್ಟಿನ ಮೈಮೇಲಿನ ಸುರುಳಿ ಗೀರಿನ) ಘರ್ಷಣೆಗೆ. ಬೋಲ್ಟನ್ನು ಎಳೆದು ಹಿಗ್ಗಿಸಿ ಎರಡು ಭಾಗಗಳನ್ನು ಒತ್ತಿ ಹಿಡಿಯಲು ಸಿಗುವುದು ಉಳಿದ 10 ಪಾಲು ಮಾತ್ರ. ಬೋಲ್ಟು ಒಂದು ಗಟ್ಟಿ ಸ್ಪ್ರಿಂಗ್ ಇದ್ದಂತೆ. ಹಿಗ್ಗಿದ ಮೇಲೆ ಹಿಂದಕ್ಕೆ ಕುಗ್ಗಲು ಎಳೆಯುತ್ತದಲ್ಲ, ಆ ಎಳೆತವೇ ಹಿಡಿತ. ಕೈಪಿಡಿ ಬರೆದವರಿಗೆ ನಿಜವಾಗಿ ಬೇಕಿರುವುದು ಈ ಹಿಡಿತ. ಗ್ಯಾರೇಜಿನಲ್ಲಿ ಅದನ್ನು ಅಳೆಯುವುದು ಕಷ್ಟ, ಟಾರ್ಕ್ ಅಳೆಯುವುದು ಸುಲಭ. ಹಾಗಾಗಿ ಟಾರ್ಕಿನ ಅಂಕಿ ಕೊಟ್ಟಿರುತ್ತಾರೆ.

ಅಂಕಿಯಲ್ಲೇ ನೋಡೋಣ. ಬೋಲ್ಟು ಎಂ10 (ಅಂದರೆ 10 ಮಿಲಿಮೀಟರ್ ವ್ಯಾಸದ್ದು), ತಲೆಯ ಮೇಲೆ 8.8 ಎಂದು ಕೊರೆದಿರುವ ಗಟ್ಟಿತನದ ದರ್ಜೆಯದು. ಲೆಕ್ಕದ ಸೂತ್ರ ಸರಳ: ಟಾರ್ಕ್ = ಗುಣಕ × ವ್ಯಾಸ × ಹಿಡಿತ. ಒಣಗಿದ, ಶುಚಿಯಾದ ಉಕ್ಕಿನ ಥ್ರೆಡ್ಡಿಗೆ ಗುಣಕ ಸುಮಾರು 0.2. ವ್ಯಾಸ 0.010 ಮೀಟರ್. 50 ನ್ಯೂಟನ್ ಮೀಟರ್ ಕೊಟ್ಟರೆ ಹಿಡಿತ 25,000 ನ್ಯೂಟನ್, ಅಂದರೆ ಎರಡೂವರೆ ಟನ್ ತೂಕ ಹೇರಿದಷ್ಟು. ಅದೇ ಥ್ರೆಡ್ಡಿಗೆ ಎಂಜಿನ್ ಆಯಿಲ್ ಸವರಿದರೆ ಗುಣಕ 0.15ರ ಆಸುಪಾಸಿಗೆ ಇಳಿಯುತ್ತದೆ. ಟಾರ್ಕ್ 50 ಇದ್ದಂತೆಯೇ ಹಿಡಿತ 33,000 ನ್ಯೂಟನ್ ದಾಟುತ್ತದೆ. ಈ ದರ್ಜೆಯ ಎಂ10 ಬೋಲ್ಟು ಕಾಯಂ ಆಗಿ ಹಿಗ್ಗದೆ ತಾಳಬೇಕಾದ ಪರೀಕ್ಷಾ ಭಾರವೇ ಸುಮಾರು 33,700 ನ್ಯೂಟನ್. ಇನ್ನೂ ಜಾರುವ ಮಾಲಿಬ್ಡಿನಮ್ ಗ್ರೀಸ್ ಹಚ್ಚಿ ಗುಣಕ 0.12ಕ್ಕೆ ಬಂದರೆ ಹಿಡಿತ 41,000 ಮೀರುತ್ತದೆ. ಅಷ್ಟರಲ್ಲಿ ಒಂದೋ ಬೋಲ್ಟು ಹಿಗ್ಗಿಯೇ ಹೋಗಿರುತ್ತದೆ, ಇಲ್ಲವೇ ಅಲ್ಯೂಮಿನಿಯಂ ಹೌಸಿಂಗಿನ (ಹೊರಕವಚದ) ಥ್ರೆಡ್ಡು ಬೋಲ್ಟಿಗೆ ಸುತ್ತಿಕೊಂಡು ಕಿತ್ತು ಬಂದಿರುತ್ತದೆ. ಟಾರ್ಕ್ ಒಂದೇ, ಬಿಗಿ ಮೂರು ಬಗೆ. ಎರಡಕ್ಕೂ ಒಂದೇ ಪದ ಇಟ್ಟರೆ, ಎಣ್ಣೆ ಹಚ್ಚಬೇಕೋ ಬೇಡವೋ ಎಂಬ ಪ್ರಶ್ನೆ ಓದುವ ಹುಡುಗನಿಗೆ ಹೊಳೆಯುವುದೇ ಇಲ್ಲ.

‘ತಿರುಚುಬಲ’ಕ್ಕೂ ನನ್ನ ತಕರಾರಿದೆ. ತಿರುಚುವುದು ಅಂದರೆ ವಸ್ತುವನ್ನೇ ಹಿಂಡಿ ಅದರ ಆಕಾರ ಕೆಡಿಸುವುದು: ಕೈ ತಿರುಚಿದ, ಒದ್ದೆ ಬಟ್ಟೆ ತಿರುಚಿದ, ಮಾತನ್ನು ತಿರುಚಿದ. ಶಾಫ್ಟು ಹೊರೆಗೆ ಸಿಕ್ಕಿ ತನ್ನೊಳಗೇ ತಿರುಚಿಕೊಳ್ಳುತ್ತದಲ್ಲ, ಆ ಅರ್ಥಕ್ಕೆ ಈ ಪದವನ್ನು ಮೀಸಲಿಡೋಣ. ಬೋಲ್ಟನ್ನು ನಾವು ತಿರುಗಿಸುತ್ತೇವೆ, ತಿರುಚಬಾರದು. ತಿರುಚಿದರೆ ತಲೆ ಕೈಗೆ ಬರುತ್ತದೆ.

‘ತಿರುಗುಬಲ’ ಇವುಗಳಲ್ಲಿ ವಾಸಿ. ಆದರೆ ಟಾರ್ಕ್ ಬರೀ ಬಲವಲ್ಲ. ಬಲ ಮತ್ತು ಅದು ಬೀಳುವ ದೂರ ಎರಡರ ಗುಣಲಬ್ಧ. ಅರ್ಧ ಮೀಟರ್ ಹಿಡಿಕೆಯ ತುದಿಯಲ್ಲಿ 100 ನ್ಯೂಟನ್ ಎಳೆದರೂ ಕಾಲು ಮೀಟರ್ ಹಿಡಿಕೆಯಲ್ಲಿ 200 ನ್ಯೂಟನ್ ಎಳೆದರೂ ಟಾರ್ಕ್ 50 ನ್ಯೂಟನ್ ಮೀಟರೇ. ಸ್ಪ್ಯಾನರಿನ ಬಾಲಕ್ಕೆ ಪೈಪು ಸಿಕ್ಕಿಸಿದಾಗ ಬಲ ಹೆಚ್ಚುವುದಿಲ್ಲ, ಟಾರ್ಕ್ ಹೆಚ್ಚುತ್ತದೆ. ‘ಬಲ’ ಎಂದು ಬರೆದರೆ ಈ ತಿಳಿವಳಿಕೆಯೇ ಮಸುಕಾಗುತ್ತದೆ.

ನನ್ನ ಮತ: ನಾಮಪದವಾಗಿ ‘ಟಾರ್ಕ್’ ಇರಲಿ, ಕ್ರಿಯಾಪದ ಕನ್ನಡದ್ದಾಗಿರಲಿ. “50 ನ್ಯೂಟನ್ ಮೀಟರ್ ಟಾರ್ಕಿಗೆ ಬಿಗಿಯಿರಿ.” ಪರಿಣಾಮಕ್ಕೆ ‘ಹಿಡಿತ’.

ಉತ್ತರ 2

ಮೇಲಿನವರ ವಾದವನ್ನು ಒಪ್ಪುತ್ತೇನೆ. ಆದರೂ ಒಂದು ಒಳ್ಳೆಯ ಪದ ಕೈಬಿಟ್ಟುಹೋಗುತ್ತಿದೆ: ತಿರುಪು. ಕಿವಿಯೋಲೆಯ ಹಿಂದೆ ಹಾಕುವ ಪುಟ್ಟ ತಿರುಪು ಎಲ್ಲರ ಮನೆಯಲ್ಲೂ ಇದೆ. ಅದರಲ್ಲಿ ಥ್ರೆಡ್ಡೂ ಇದೆ, ತಿರುಗಿಸುವ ಕ್ರಿಯೆಯೂ ಇದೆ. ‘ತಿರುಪುಮೊಳೆ’ ಎಂಬ ಬಳಕೆಯೂ ಹಳೆಯದೇ. ಪರಿಭಾಷೆಯ ಪಟ್ಟಿಗೆ ಟಾರ್ಕ್ ಪಕ್ಕದಲ್ಲಿ ‘ತಿರುಪು’ ಎಂದು ಒಮ್ಮೆ ಕೊಟ್ಟು ವಿವರಿಸಬಹುದು. ಆದೇಶ ವಾಕ್ಯಗಳಲ್ಲಿ ಮಾತ್ರ ಟಾರ್ಕೇ ಇರಲಿ, ಏಕೆಂದರೆ ಹುಡುಗರು ಕೇಳುವುದು “ಟಾರ್ಕ್ ರೆಂಚ್ ಕೊಡು” ಎಂದೇ (ನಿಗದಿ ಮಾಡಿಟ್ಟ ಟಾರ್ಕ್ ಮುಟ್ಟಿದೊಡನೆ ಕ್ಲಿಕ್ ಎನ್ನುವ ಸ್ಪ್ಯಾನರ್ ಅದು). ಸ್ಪ್ಯಾನರಿಗೆ ಉತ್ತರ ಕರ್ನಾಟಕದಲ್ಲಿ ‘ಪಾನಾ’ ಎನ್ನುವುದುಂಟು. ಆ ಭಾಗದ ಓದುಗರಿಗಾಗಿ ಪಟ್ಟಿಯಲ್ಲಿ ಅದೂ ಬರಲಿ.

ಈಗ ಕರಡಿನ ಇತರ ಪದಗಳು. ‘ಪ್ರಸರಣ’ ಕಂಡರೆ ಕನ್ನಡ ಓದುಗನಿಗೆ ನೆನಪಾಗುವುದು ಆಕಾಶವಾಣಿ, ಪತ್ರಿಕೆ. ಗೇರ್ ಬಾಕ್ಸ್ ಅನ್ನಿ. ‘ತೈಲ ತಟ್ಟೆ’ ಬೇಡ, ಆಯಿಲ್ ಪ್ಯಾನ್ ಎಂದರೆ ಸಾಕು.

‘ಅಡ್ಡಾದಿಡ್ಡಿ’ ಅಪಾಯಕಾರಿ. ನಮ್ಮಲ್ಲಿ ಅದರ ಅರ್ಥ ಕ್ರಮವಿಲ್ಲದೆ ಎಂದು. ಮೂಲದವರು ಹೇಳುತ್ತಿರುವುದು ಅದಕ್ಕೆ ಪೂರಾ ವಿರುದ್ಧ: ಒಂದು ಬೋಲ್ಟು ಬಿಗಿದ ಮೇಲೆ ಪಕ್ಕದ್ದಕ್ಕೆ ಹೋಗದೆ ಎದುರಿನದಕ್ಕೆ ಹೋಗಿ ಎಂದು. ‘ಎದುರುಬದುರಾಗಿ’ ಎನ್ನುವ ಪದ ನಮ್ಮಲ್ಲೇ ಇದೆ. ಸಾಲಾಗಿ ಬಿಗಿಯುತ್ತ ಹೋದರೆ ಪ್ಯಾನಿನ ಒಂದು ಅಂಚು ಮೊದಲು ಕಚ್ಚಿ ಎದುರಂಚು ಎದ್ದು ನಿಲ್ಲುತ್ತದೆ, ಗ್ಯಾಸ್ಕೆಟ್ (ಎಣ್ಣೆ ಸೋರದಂತೆ ನಡುವೆ ಇಡುವ ಪದರ) ಒಂದು ಕಡೆ ಹಿಸುಕಿ ಹೊರಬರುತ್ತದೆ, ಇನ್ನೊಂದು ಕಡೆ ಎಣ್ಣೆ ಒಸರುತ್ತದೆ. ಒಸರುವ ಜಾಗದ ಬೋಲ್ಟನ್ನು ಇನ್ನಷ್ಟು ಬಿಗಿದರೆ ತಗಡಿನ ಅಂಚು ತೂತಿನ ಸುತ್ತ ಗುಳಿ ಬಿದ್ದು, ಒಸರುವುದು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ.

‘ಭದ್ರವಾಗಿ’ ತೆಗೆದುಹಾಕಿ. ಅಂಕಿ ಕೊಟ್ಟ ವಾಕ್ಯದಲ್ಲಿ ಅಂಥ ಕ್ರಿಯಾವಿಶೇಷಣ ಬಂದರೆ, ಕ್ಲಿಕ್ ಆದ ಮೇಲೂ ಇನ್ನೊಂದು ಎಳೆತ ಎಳೆಯಿರಿ ಎಂದು ಹೇಳಿದಂತಾಗುತ್ತದೆ. ‘ಸರಿಯಾದ’ ಬದಲು ‘ನಿಗದಿತ’ ಇರಲಿ. ಸರಿ ಎಷ್ಟು ಎಂಬುದನ್ನು ಕೈಪಿಡಿ ನಿಗದಿ ಮಾಡಿದೆ, ಬಿಗಿಯುವವನ ಅಂದಾಜಲ್ಲ.

ಉತ್ತರ 3

ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ. ‘50’, ‘10’ ಎಂದಷ್ಟೇ ಇದೆ. ಅಳತೆಯ ಮಾನ ಎಲ್ಲಿ?

ಗ್ಯಾರೇಜಿನಲ್ಲಿ “ಎಷ್ಟು ಕೆಜಿಗೆ ಟೈಟ್ ಮಾಡಬೇಕು?” ಎಂದು ಕೇಳುವ ರೂಢಿ. ಅಲ್ಲಿ ಕೆಜಿ ಅಂದರೆ ಕಿಲೋಗ್ರಾಂ ಬಲ ಮೀಟರ್. ಒಂದು ಕೆಜಿ ಮೀಟರ್ ಅಂದರೆ 9.81 ನ್ಯೂಟನ್ ಮೀಟರ್. ಆಯಿಲ್ ಪ್ಯಾನಿನ ಎಂ6 ಬೋಲ್ಟಿಗೆ ಬರೀ ‘10’ ಎಂದು ಅಚ್ಚಾದರೆ, ಅದನ್ನು 10 ಕೆಜಿ ಎಂದು ಓದಿದವನು ಸುಮಾರು ಹತ್ತು ಪಟ್ಟು ಟಾರ್ಕ್ ಕೊಡಲು ಹೊರಡುತ್ತಾನೆ. ಆರು ಮಿಲಿಮೀಟರ್ ಬೋಲ್ಟು ಅದರ ಕಾಲು ಭಾಗ ಮುಟ್ಟುವಷ್ಟರಲ್ಲೇ ಮುರಿಯುತ್ತದೆ ಅಥವಾ ಥ್ರೆಡ್ಡು ಕಿತ್ತುಕೊಂಡು ಬರುತ್ತದೆ. ಕೆಜಿ ಸೆಂಟಿಮೀಟರ್ ಬಳಸುವ ಕೈಪಿಡಿಗಳೂ ಇವೆ: 100 ಕೆಜಿ ಸೆಂಟಿಮೀಟರ್ ಸರಿಸುಮಾರು 10 ನ್ಯೂಟನ್ ಮೀಟರ್. ಅಮೆರಿಕದ ಕೈಪಿಡಿಗಳಲ್ಲಿ ಅಡಿ ಪೌಂಡ್ ಇರುತ್ತದೆ (1ಕ್ಕೆ 1.356 ನ್ಯೂಟನ್ ಮೀಟರ್), ಸಣ್ಣ ಬೋಲ್ಟಿಗೆ ಅಂಗುಲ ಪೌಂಡ್, ಹನ್ನೆರಡು ಅಂಗುಲ ಪೌಂಡಿಗೆ ಒಂದು ಅಡಿ ಪೌಂಡ್. ಆದ್ದರಿಂದ ಪ್ರತಿ ಅಂಕಿಯ ಮುಂದೆಯೂ ಮಾನವನ್ನು ಪೂರ್ತಿ ಪದದಲ್ಲಿ ಬರೆಯಿರಿ. ‘ನ್ಯೂ.ಮೀ.’ ಎಂಬ ಸಂಕ್ಷೇಪವೂ ಬೇಡ, ಮಸಿ ಮೆತ್ತಿದ ಹಾಳೆಯಲ್ಲಿ ಅದು ‘ಮಿ.ಮೀ.’ಯಂತೆ ಕಾಣುತ್ತದೆ.

ಟಾರ್ಕ್ ರೆಂಚಿನ ‘ಕ್ಲಿಕ್’ಗೆ ಕನ್ನಡದ ‘ಟಕ್’ ಸೊಗಸಾಗಿ ಒಪ್ಪುತ್ತದೆ: “ಟಕ್ ಎಂದೊಡನೆ ನಿಲ್ಲಿಸಿ.” ಹಿಡಿಕೆಯ ನಡುವೆ ಹಿಡಿದು, ತಟ್ಟನೆ ಜಗ್ಗದೆ, ಒಂದೇ ಸಮನೆ ಎಳೆಯಬೇಕು. ಎರಡನೇ ಟಕ್ ಬರುವ ಹೊತ್ತಿಗೆ ಟಾರ್ಕ್ ನಿಗದಿ ದಾಟಿರುತ್ತದೆ. ಬೋಲ್ಟು ಸಡಿಲಿಸಲು ಈ ರೆಂಚನ್ನು ಬಳಸಬಾರದು. ಕೆಲಸ ಮುಗಿದ ಮೇಲೆ ಅದನ್ನು ಅದರ ಕನಿಷ್ಠ ಅಂಕಿಗೆ ಇಳಿಸಿಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತದೆ. ಎಂ6 ಬೋಲ್ಟಿಗೆ ದೊಡ್ಡ ರೆಂಚು ಹಚ್ಚುವುದೂ ತಪ್ಪು. ರೆಂಚಿನ ಗರಿಷ್ಠ ಅಂಕಿಯ ಐದನೇ ಒಂದು ಭಾಗಕ್ಕಿಂತ ಕೆಳಗೆ ಅದರ ಅಳತೆಯನ್ನು ನಂಬುವಂತಿಲ್ಲ.

ಮರು ಪ್ರಶ್ನೆ

ಬಹಳ ಉಪಕಾರವಾಯಿತು. ಇನ್ನು ಮೂರು ಉಳಿದಿವೆ. “50 ನ್ಯೂಟನ್ ಮೀಟರ್ + 90 ಡಿಗ್ರಿ” ಎಂಬುದನ್ನು ಹೇಗೆ ಬರೆಯುವುದು? ಕರಡಿನಲ್ಲಿ ‘ಕುರುಡು ರಂಧ್ರ’ ಎಂದಿದೆ, ಅದು ಸರಿಯೇ? ‘ಬೋಲ್ಟುಗಳ ಮೂಲಕ ಎರಡನ್ನೂ ಒಟ್ಟಿಗೆ ಎಳೆಯಬೇಡಿ’ ಎಂಬ ವಾಕ್ಯ ಅರ್ಥವಾಗಲಿಲ್ಲ.

ಉತ್ತರ 1 ಬರೆದವರಿಂದ

ಡಿಗ್ರಿ ಒಂದನ್ನೇ ಬರೆದರೆ ಬಿಸಿಯ ಅಳತೆ ಅನ್ನಿಸೀತು. “ಮೊದಲು 50 ನ್ಯೂಟನ್ ಮೀಟರ್ ಟಾರ್ಕಿಗೆ ಬಿಗಿದು, ಅಲ್ಲಿಂದ ಇನ್ನೂ ಕಾಲು ಸುತ್ತು (90 ಡಿಗ್ರಿ) ತಿರುಗಿಸಿ” ಎಂದು ಬಿಡಿಸಿ ಬರೆಯಿರಿ. ಬೋಲ್ಟಿನ ಆರುಮೂಲೆ ತಲೆಯಲ್ಲಿ ಮೂಲೆಯಿಂದ ಮೂಲೆಗೆ 60 ಡಿಗ್ರಿ. ಹಾಗಾಗಿ ಕಾಲು ಸುತ್ತು ಅಂದರೆ ಒಂದೂವರೆ ಮುಖ. ತಲೆಯ ಮೇಲೆ ಬಣ್ಣದ ಗೆರೆ ಎಳೆದುಕೊಂಡರೆ ಎಣಿಕೆ ತಪ್ಪದು. ಸುತ್ತಿನ ಲೆಕ್ಕದಲ್ಲಿ ಘರ್ಷಣೆ ಅಷ್ಟಾಗಿ ತಲೆಹಾಕುವುದಿಲ್ಲ, ಥ್ರೆಡ್ಡಿನ ಅಂತರವೇ ಹಿಗ್ಗನ್ನು ನಿಗದಿ ಮಾಡುತ್ತದೆ. ಹೀಗೆ ಬಿಗಿಯುವ ಬೋಲ್ಟುಗಳಲ್ಲಿ ಹಲವನ್ನು ಉಕ್ಕು ‘ಮಣಿಯುವ’ ಮಟ್ಟದವರೆಗೂ ಎಳೆಯಲಾಗುತ್ತದೆ. ಈ ‘ಮಣಿ’ ಧಾತು ಲೋಹಕ್ಕೆ ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ! ಮಣಿದ ಬೋಲ್ಟು ಹಿಂದಿನ ಉದ್ದಕ್ಕೆ ಮರಳದು, ಬಿಚ್ಚಿದರೆ ಹೊಸದೇ ಹಾಕಬೇಕು. ಎಲ್ಲಿ ಹೊಸ ಬೋಲ್ಟು ಹಾಕಿ ಎಂದು ಮೂಲ ಹೇಳಿದೆಯೋ ಅಲ್ಲಿ ಆ ಮಾತನ್ನು ಬಿಡಬೇಡಿ.

‘ಕುರುಡು ರಂಧ್ರ’ಕ್ಕಿಂತ ‘ತಳವಿರುವ ತೂತು’ ಲೇಸು, ಕಾರಣವೂ ಪದದಲ್ಲೇ ಇದೆ. ತಳ ಇರುವುದರಿಂದ ಒಳಗೆ ಬಿದ್ದ ಎಣ್ಣೆಗೆ ಹೊರಹೋಗಲು ದಾರಿಯಿಲ್ಲ. ಬೋಲ್ಟು ಇಳಿಯುತ್ತ ಆ ಎಣ್ಣೆಯನ್ನು ಒತ್ತುತ್ತದೆ, ತಲೆ ಕೂರುವ ಮೊದಲೇ ರೆಂಚು ಟಕ್ ಎನ್ನುತ್ತದೆ, ಕೆಲವೊಮ್ಮೆ ಎರಕವೇ ಸೀಳುತ್ತದೆ. ಬಿಗಿಯುವ ಮೊದಲು ತೂತಿನ ಎಣ್ಣೆಯನ್ನು ಬಟ್ಟೆಯಿಂದ ಹೀರಿ ತೆಗೆದು, ಗಾಳಿ ಹಾಯಿಸಿ ಒಣಗಿಸಬೇಕು.

ಮೂರನೆಯ ವಾಕ್ಯ ಬೆಲ್ ಹೌಸಿಂಗಿನ (ಗೇರ್ ಬಾಕ್ಸ್ ಎಂಜಿನ್ನಿಗೆ ಸೇರುವ ಗಂಟೆಯಾಕಾರದ ಕವಚದ) ಬಗ್ಗೆ. ಗೇರ್ ಬಾಕ್ಸನ್ನು ಎಂಜಿನ್ನಿಗೆ ಕೂರಿಸುವಾಗ ಡೋವೆಲ್ ಪಿನ್ನುಗಳು (ಎರಡನ್ನೂ ನೇರ ಜಾಗಕ್ಕೆ ಕೂರಿಸುವ ಗೂಟಗಳು) ತಮ್ಮ ತೂತಿಗೆ ಸೇರಿ, ಎರಡು ಮುಖಗಳು ಕೈಯಿಂದಲೇ ಪೂರ್ತಿ ಕೂಡಬೇಕು. ಸಂದು ಉಳಿದಿದೆ ಅಂದರೆ ಇನ್‌ಪುಟ್ ಶಾಫ್ಟು ಕ್ಲಚ್ ಪ್ಲೇಟಿನ ನಡುವಿಗೆ ಹೊಂದಿಲ್ಲ, ಅಥವಾ ವೈರಿಂಗ್ ನಡುವೆ ಸಿಕ್ಕಿಕೊಂಡಿದೆ. ಆಟೋಮ್ಯಾಟಿಕ್ ಆದರೆ ಟಾರ್ಕ್ ಕನ್ವರ್ಟರ್ (ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಶಕ್ತಿ ಸಾಗಿಸುವ ಭಾಗ) ಒಳಕ್ಕೆ ಪೂರ್ತಿ ಕೂತಿಲ್ಲ. ಆಗ ಬೋಲ್ಟು ಬಿಗಿದು ಸಂದು ಮುಚ್ಚಲು ಹೋದರೆ ಹೌಸಿಂಗಿನ ಕಿವಿ ಮುರಿಯುತ್ತದೆ, ಕ್ಲಚ್ ಪ್ಲೇಟು ಬಾಗುತ್ತದೆ, ಕನ್ವರ್ಟರ್ ಗೇರ್ ಬಾಕ್ಸಿನೊಳಗಿನ ಪಂಪನ್ನು ಒಡೆಯುತ್ತದೆ. “ಸಂದು ಮುಚ್ಚಲು ಬೋಲ್ಟು ಬಿಗಿಯಬೇಡಿ, ಗೇರ್ ಬಾಕ್ಸ್ ಹಿಂದಕ್ಕೆ ಸರಿಸಿ ಕಾರಣ ನೋಡಿ” ಎಂದು ಬರೆಯಿರಿ.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಕರಡು:

“ಗೇರ್ ಬಾಕ್ಸಿನ ಬೋಲ್ಟುಗಳ ಥ್ರೆಡ್ಡುಗಳನ್ನು ಒರೆಸಿ ಒಣಗಿಸಿ. ಎಣ್ಣೆ ಹಚ್ಚಬೇಡಿ. ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ತಿರುಗಿಸಿ ತಲೆ ಕೂರುವವರೆಗೆ ಇಳಿಸಿ. ಆಮೇಲೆ ಎದುರುಬದುರಾಗಿ, ಮೂರು ಹಂತಗಳಲ್ಲಿ ನಿಗದಿತ ಟಾರ್ಕಿಗೆ ಬಿಗಿಯಿರಿ. ಎಂ10 ಬೋಲ್ಟುಗಳು: 20, 35, 50 ನ್ಯೂಟನ್ ಮೀಟರ್. ಆಯಿಲ್ ಪ್ಯಾನಿನ ಎಂ6 ಬೋಲ್ಟುಗಳು: 4, 7, 10 ನ್ಯೂಟನ್ ಮೀಟರ್. ಟಕ್ ಎಂದೊಡನೆ ನಿಲ್ಲಿಸಿ.”

ಉತ್ತರ 3 ಬರೆದವರಿಂದ

ಎರಡು ಸೇರಿಸಿ. ‘ಬೆರಳಿನಿಂದ’ ಎಂದ ಮೇಲೆ “ಮೊದಲ ಎರಡು ಮೂರು ಸುತ್ತಿನಲ್ಲೇ ಹಿಡಿದುಕೊಂಡರೆ ಬಿಚ್ಚಿ, ನೇರ ಹಿಡಿದು ಮತ್ತೆ ತೊಡಗಿಸಿ” ಎಂಬ ವಾಕ್ಯ ಬೇಕು. ಓರೆಯಾಗಿ ಹತ್ತಿದ ಬೋಲ್ಟೂ ಟಕ್ ಎನ್ನುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಇನ್ನೊಂದು, ‘ಎಣ್ಣೆ ಹಚ್ಚಬೇಡಿ’ ಜತೆಗೆ “ಕೈಪಿಡಿ ಹೇಳಿದ ಕಡೆ ಹೊರತು” ಎಂದು ಬರಲಿ. ಕೆಲವು ಬೋಲ್ಟುಗಳಿಗೆ ಥ್ರೆಡ್ ಲಾಕರ್ (ಸಡಿಲವಾಗದಂತೆ ಹಿಡಿಯುವ ಅಂಟು) ಅಥವಾ ಸೀಲಂಟ್ (ಸೋರಿಕೆ ತಡೆಯುವ ಲೇಪ) ಹಚ್ಚಲೇಬೇಕು, ಅಲ್ಲಿ ಕೊಟ್ಟ ಟಾರ್ಕಿನ ಅಂಕಿ ಅದನ್ನು ಹಚ್ಚಿದ ಥ್ರೆಡ್ಡಿನದೇ.