ಬ್ಯಾಕ್‌ಪ್ಲೇಟ್ ಹಾರ್ನೆಸ್‌ನಿಂದ ಕೈ ಹೊರಗೆ ತೆಗೆಯೋದು ಹೇಗಪ್ಪಾ?

ಸೀಗಡಿ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಬಾಡಿಗೆಯ ಜಾಕೆಟ್ ಬಿಸಿಡಿಯಲ್ಲೇ (ಗಾಳಿ ತುಂಬಿ ತೇಲುವುದನ್ನು ಹೊಂದಿಸುವ, ಅಂಗಿಯಂಥದ್ದು) ಸ್ಕೂಬಾ ಡೈವ್ ಮಾಡಿದೆ. ಈ ಸಲ ಸ್ವಲ್ಪ ದುಡ್ಡು ಸೇರಿತ್ತು, ಸ್ಟೀಲ್ ಬ್ಯಾಕ್‌ಪ್ಲೇಟ್ (ಸಿಲಿಂಡರ್ ಕಟ್ಟುವ, ಬೆನ್ನಿಗಿರುವ ತಟ್ಟೆ) ಮತ್ತು ವಿಂಗ್ (ಅದರ ಹಿಂದಿನ ಗಾಳಿಚೀಲ) ಕೊಂಡೆ. ಹಾರ್ನೆಸ್ ಪೂರ್ತಿ ಎರಡು ಇಂಚು ಅಗಲದ ಒಂದೇ ಪಟ್ಟಿ, ಭುಜದ ಹತ್ತಿರ ಬಕಲ್ ಇಲ್ಲವೇ ಇಲ್ಲ. ನೀರೊಳಗೆ ಬಹಳ ಹಾಯಾಗಿದೆ. ಕಷ್ಟ ಇರುವುದು ಹಾಕಿಕೊಳ್ಳುವಾಗ, ಅದಕ್ಕಿಂತ ಜಾಸ್ತಿ ಬಿಚ್ಚುವಾಗ.

ಹೋದ ವಾರ ನೇತ್ರಾಣಿ ದ್ವೀಪಕ್ಕೆ ಹೋಗಿದ್ದೆ. ಡೈವ್ ಮುಗಿಸಿ ದೋಣಿ ಹತ್ತಿ ಕೂತೆ, ಸೊಂಟದ ಬಕಲ್ ತೆಗೆದೆ, ಎಡಗೈ ಎಳೆದೆ, ಅರ್ಧ ಬಂದು ನಿಂತುಬಿಟ್ಟಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಮಣಿಕಟ್ಟಿನ ಡೈವ್ ಕಂಪ್ಯೂಟರ್ ಬೇರೆ ಪಟ್ಟಿಗೆ ಸಿಕ್ಕಿಕೊಂಡಿತ್ತು. ದೋಣಿ ಓಲಾಡುತ್ತಿದೆ, ಪಕ್ಕದವರಿಗೆ ವಾಂತಿ ಶುರುವಾಗಿದೆ, ನಾನು ರೆಕ್ಕೆ ಕಟ್ಟಿದ ಕೋಳಿ ಹಾಗೆ ಕೂತಿದ್ದೇನೆ. ಕೊನೆಗೆ ದೋಣಿಯ ಹುಡುಗರಿಬ್ಬರು ಹಿಡಿದು ಎಳೆದರು. ಎಡಭುಜಕ್ಕೆ ಬೈಕಿನಿಂದ ಬಿದ್ದ ಹಳೇ ನೋವೂ ಇದೆ. ಪಟ್ಟಿಯನ್ನೇನೋ ಟ್ರೆಕ್ಕಿಂಗ್ ಬ್ಯಾಗ್ ಥರ ಮೈಗೆ ಅಂಟುವ ಹಾಗೆ ಸರಿಯಾಗಿ ಬಿಗಿ ಮಾಡಿದ್ದೇನೆ. ಭುಜಕ್ಕೆ ಬಕಲ್ ಇರುವ ಹಾರ್ನೆಸ್ ತಗೊಂಡುಬಿಡಲಾ?

ಕಡಲಕಾಗೆ:
ಟ್ರೆಕ್ಕಿಂಗ್ ಬ್ಯಾಗ್ ಥರ ಬಿಗಿ ಮಾಡಿದ್ದೀರಲ್ಲ, ಅಲ್ಲೇ ಎಡವಟ್ಟಾಗಿರುವುದು. ಬ್ಯಾಗಿನ ಭಾರ ಒಂದಿಷ್ಟು ಭುಜಕ್ಕೂ ಬೀಳುತ್ತದೆ. ನೀರೊಳಗೆ ಪ್ಲೇಟನ್ನು ಅಲ್ಲಾಡದ ಹಾಗೆ ಹಿಡಿಯುವುದು ಸೊಂಟದ ಪಟ್ಟಿ ಮತ್ತು ತೊಡೆಸಂದಿನ ಪಟ್ಟಿ, ಭುಜದ್ದು ಸುಮ್ನೆ ಜೊತೆಗಿರುತ್ತದೆ ಅಷ್ಟೇ. ಡೈವ್‌ಗೆ ಹಾಕುವ ವೆಟ್‌ಸೂಟನ್ನೇ ಹಾಕಿಕೊಂಡು, ಸಿಲಿಂಡರ್ ಇಲ್ಲದೆ ಬರೀ ಪ್ಲೇಟ್ ತೊಟ್ಟು ನೋಡಿ. ಎದೆಯ ಹತ್ತಿರ ಪಟ್ಟಿಯ ಕೆಳಗೆ ಮುಷ್ಟಿ ತೂರಬೇಕು. ತೂರದಿದ್ದರೆ ಎರಡೂ ಕಡೆ ಒಂದೇ ಅಳತೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಬನ್ನಿ. ಹಾಗಂತ ಜೋಲಾಡುವಷ್ಟು ಬಿಡಬೇಡಿ, ಪ್ಲೇಟ್ ಕೆಳಗೆ ಜಾರಿದರೆ ಸಿಲಿಂಡರಿನ ವಾಲ್ವ್ ಕೈಗೆ ಎಟುಕುವುದಿಲ್ಲ.

ಇನ್ನು ಕೈ ತೆಗೆಯುವುದು. ನೀವು ಅಂಗಿ ಬಿಚ್ಚುವ ಹಾಗೆ ಕೈಯನ್ನು ಹಿಂದಕ್ಕೆ ಎಳೆದಿರುತ್ತೀರಿ, ಅಲ್ವಾ? ಹಾಗೆ ಬರುವುದಿಲ್ಲ. ಬಲಗೈಯಲ್ಲಿ ಎಡಪಟ್ಟಿಯ ಡಿ-ರಿಂಗ್ (‘D’ ಆಕಾರದ ಲೋಹದ ಬಳೆ) ಹಿಡಿದು ಹೊರಗಡೆಗೆ ಎಳೆಯಿರಿ, ಎಡಭುಜ ತಗ್ಗಿಸಿ, ಕೈ ಮಡಚಿ, ಮೊದಲು ಮೊಣಕೈಯನ್ನು ಪಟ್ಟಿಯಿಂದ ದಾಟಿಸಿ. ಮೊಣಕೈ ಬಂತು ಅಂದರೆ ಉಳಿದದ್ದು ತಾನಾಗಿ ಬರುತ್ತದೆ. ಕಂಪ್ಯೂಟರನ್ನು ಬಲಗೈಗೆ ಕಟ್ಟಿ. ದೋಣಿಯಲ್ಲಿ ಸಿಲಿಂಡರ್ ಸ್ಟ್ಯಾಂಡಿಗೆ ಸರಿಯಾಗಿ ಕೂತ ಮೇಲೇ ಇದೆಲ್ಲ, ಇಲ್ಲದಿದ್ದರೆ ಅದರ ಭಾರವೇ ಪಟ್ಟಿಯನ್ನು ಬಿಗಿಯಾಗಿ ಎಳೆದಿಟ್ಟಿರುತ್ತದೆ.

ತಣ್ಣೀರು:
ಕಾಗೆಯವರು ಹೇಳಿದ್ದು ಸರಿ. ಆದರೆ ಭುಜ ನೋವಿದ್ದರೆ ದೋಣಿ ಹತ್ತುವ ತನಕ ಯಾಕೆ ಕಾಯುತ್ತೀರಿ? ನೀರಲ್ಲೇ ಬಿಚ್ಚಿ. ತುಂಬಿದ ಅಲ್ಯೂಮಿನಿಯಂ ಸಿಲಿಂಡರ್ ಒಂದೇ ಸುಮಾರು 17 ಕೆ.ಜಿ., ಡೈವ್ ಮುಗಿದಾಗ ಎರಡು ಕೆ.ಜಿ. ಇಳಿದಿರುತ್ತದೆ ಅಷ್ಟೇ. ಅದನ್ನು ಹೊತ್ತು ಏಣಿ ಹತ್ತುವ ಹಟ ಬೇಡ. ದೋಣಿಯವರಿಗೆ ಮೊದಲೇ ಹೇಳಿಟ್ಟಿರಿ.

ವಿಂಗ್‌ಗೆ ಗಾಳಿ ತುಂಬಿ. ಸೊಂಟಕ್ಕೆ ಬೇರೆ ವೆಯ್ಟ್ ಬೆಲ್ಟ್ (ಮುಳುಗಲು ಕಟ್ಟುವ ತೂಕದ ಪಟ್ಟಿ) ಇದ್ದರೆ ಮೊದಲು ಅದನ್ನು ಮೇಲೆ ಕೊಡಿ, ಇದನ್ನು ಮರೆಯಲೇಬೇಡಿ. ಬೆಲ್ಟ್ ಮೈಮೇಲೇ ಇದ್ದು ವಿಂಗ್ ಕೈತಪ್ಪಿದರೆ ಸಾಮಾನು ತೇಲುತ್ತದೆ, ನೀವು ಮುಳುಗುತ್ತೀರಿ. ಆಮೇಲೆ ಸೊಂಟದ ಬಕಲ್. ತೊಡೆಸಂದಿನ ಪಟ್ಟಿಯ ಕುಣಿಕೆ ಅದರ ಜೊತೆಗೇ ಕಳಚಿಕೊಳ್ಳುತ್ತದೆ. ಎಡಗೈ ಮೊದಲು, ಯಾಕೆಂದರೆ ಉಸಿರಾಡುವ ರೆಗ್ಯುಲೇಟರ್ ಪೈಪ್ ಬಲಭುಜದ ಕಡೆಯಿಂದ ಬರುತ್ತದೆ. ಬಲಗೈ ಪಟ್ಟಿಯಲ್ಲೇ ಇದ್ದರೆ ಸಾಮಾನು ದೂರ ಹೋಗುವುದಿಲ್ಲ, ಬಾಯಲ್ಲಿ ಗಾಳಿಯೂ ಇರುತ್ತದೆ. ಕಾಲಿನ ಫಿನ್ ಕೊನೆಗೆ.

ನಾನಿರುವುದು ಸ್ಕಾಟ್ಲೆಂಡಿನಲ್ಲಿ. ಇಲ್ಲಿ ನೀರು ಒಳಗೆ ಬಾರದ ಡ್ರೈಸೂಟ್, ಒಳಗೆ ದಪ್ಪ ಬನಿಯನ್. ಅದಕ್ಕೆ ಹೊಂದಿಸಿದ ಪಟ್ಟಿಯಲ್ಲೇ ಊರಿಗೆ ಬಂದಾಗ ನೇತ್ರಾಣಿಯಲ್ಲಿ 3 ಮಿ.ಮೀ. ವೆಟ್‌ಸೂಟ್ ಹಾಕಿ ಇಳಿದೆ. ಪ್ಲೇಟ್ ಬೆನ್ನ ಮೇಲೆ ಗಿರಗಿಟ್ಲೆ ಆಡಿತು. ಸೂಟ್ ಬದಲಾದರೆ ಅಳತೆಯೂ ಬದಲಾಗಬೇಕು.

ಏಡಿಕಾಲು:
ಬಕಲ್ ಬಗ್ಗೆ ಯಾರೂ ಹೇಳಲಿಲ್ಲ. ಒಂದು ಬಕಲ್ ಜಾಸ್ತಿ ಆದರೆ ಒಡೆಯುವ ಜಾಗ ಒಂದು ಜಾಸ್ತಿ ಆಯಿತು ಅಂತ ಕೆಲವರು ಬೈಯುತ್ತಾರೆ. ಪ್ಲಾಸ್ಟಿಕ್ ಬಕಲ್ ಮೇಲೆ ಸಿಲಿಂಡರ್ ಬಿದ್ದರೆ ಬಿರುಕು ಬಿಡುವುದು ನಿಜ. ಆದರೆ ಭುಜ ಎತ್ತಲಾಗದವರಿಗೆ ಈ ಶುದ್ಧಾಚಾರ ಯಾಕೆ? ನನಗೆ ಭುಜದ ಆಪರೇಷನ್ ಆಗಿದೆ, ಎಡಗಡೆಗೆ ಮಾತ್ರ ಒಂದು ಬಕಲ್ ಹಾಕಿಸಿಕೊಂಡೆ. ನೀವು ಮೊದಲು ಪಟ್ಟಿ ಸಡಿಲ ಮಾಡಿ ನೋಡಿ, ಅದಕ್ಕೆ ಖರ್ಚಿಲ್ಲ.

ಸೀಗಡಿ:
ರಾತ್ರಿ ಅಳೆದು ನೋಡಿದೆ. ಮುಷ್ಟಿ ಬಿಡಿ, ಎರಡು ಬೆರಳೂ ತೂರಲಿಲ್ಲ! ಒಂದೂವರೆ ಇಂಚು ಬಿಟ್ಟೆ. ವೆಟ್‌ಸೂಟ್ ಹಾಕಿಕೊಂಡು ಹಾಲ್‌ನಲ್ಲಿ ಬೆವರು ಸುರಿಸುತ್ತಾ ಮೊಣಕೈ ದಾಟಿಸುವುದನ್ನು ಕಲಿಯುತ್ತಿದ್ದರೆ ಅಮ್ಮ ಬಂದು, “ಊಟ ಮಾಡಿ ಮುಳುಗೋ” ಅಂದರು. ಮೂರನೇ ಸಲಕ್ಕೆ ಕೈ ಸಲೀಸಾಗಿ ಬಂತು. ಪಟ್ಟಿ ಮಾತ್ರ ರಟ್ಟಿನ ಹಾಗೆ ಗಟ್ಟಿ. ಮೆತ್ತಗಾಗುತ್ತದಾ?

ಕಡಲಕಾಗೆ:
ಆಗುತ್ತದೆ, ಹೊಸದು ಹಾಗೇ. ಪ್ರತಿ ಡೈವ್ ಆದ ಮೇಲೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಉಪ್ಪು ಕೂತರೆ ಇನ್ನೂ ಗಟ್ಟಿಯಾಗುತ್ತದೆ. ಹತ್ತು ಹದಿನೈದು ಡೈವ್ ಆದ ಮೇಲೆ ಅಳತೆ ಇನ್ನೊಮ್ಮೆ ನೋಡಿ.