ಸಹಾಯ ಬೇಕು: ಲ್ಯಾನ್ ಕೇಬಲ್‌ನಲ್ಲಿ ಸ್ಪೀಡ್ 100 ದಾಟುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಗೆ 300 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇವೆ. ರೂಟರ್ ಕೆಳಗೆ, ಮಗಳ ಕಂಪ್ಯೂಟರ್ ಮಹಡಿಯಲ್ಲಿ. ನಡುವೆ ಗೋಡೆಯ ಪೈಪಿನೊಳಗೆ ಸುಮಾರು 25 ಮೀಟರ್ ಕ್ಯಾಟ್ 5ಇ ದರ್ಜೆಯ ಲ್ಯಾನ್ ಕೇಬಲ್. ರೂಟರ್ ಪಕ್ಕ ವೈಫೈನಲ್ಲಿ ಪೂರ್ತಿ ಸ್ಪೀಡ್ ಬರುತ್ತೆ, ಮೇಲೆ ಕೇಬಲ್‌ನಲ್ಲಿ ಮಾತ್ರ 94ರ ಹತ್ತಿರ ನಿಂತುಬಿಡುತ್ತೆ. ವಿಂಡೋಸ್ ಕೂಡ ಲಿಂಕ್ ಸ್ಪೀಡ್ 100/100 ಅಂತಲೇ ತೋರಿಸ್ತಿದೆ. ಕಂಪ್ಯೂಟರನ್ನೇ ಕೆಳಗೆ ತಂದು ಚಿಕ್ಕ ಪ್ಯಾಚ್ ಕೇಬಲ್ ಹಾಕಿದಾಗ 1000 ಬಂತು. ಅಂದರೆ ಪೋರ್ಟ್‌ಗಳು ಸರಿ ಇವೆ, ತೊಂದರೆ ಗೋಡೆಯ ಕೇಬಲ್‌ನದ್ದೇ.

100ಕ್ಕೆ 1, 2, 3, 6ನೇ ಪಿನ್ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ಎಂಟೂ ತಂತಿ ಬೇಕು ಅನ್ನೋದು ಗೊತ್ತು. ಎರಡೂ ತುದಿಯ ಆರ್‌ಜೆ45 ಕನೆಕ್ಟರ್‌ಗಳು ಬಿಳಿ-ಕಿತ್ತಳೆಯಿಂದ ಶುರುವಾಗುವ 568ಬಿ ಅನ್ನೋ ಬಣ್ಣದ ಕ್ರಮದಲ್ಲೇ ಇವೆ. ಆದರೆ ಮಹಡಿ ಕಡೆಯದರಲ್ಲಿ ಕಂದು ತಂತಿಗಳ ಜೋಡಿ ಕೊನೆತನಕ ಹೋದಂತೆ ಕಾಣ್ತಿಲ್ಲ.

ಆ ಒಂದು ತುದಿಯನ್ನಷ್ಟೇ ಕತ್ತರಿಸಿ ಹೊಸ ಕನೆಕ್ಟರ್ ಕ್ರಿಂಪ್ ಮಾಡಿದರೆ (ಒತ್ತಿ ಕೂರಿಸಿದರೆ) ಸಾಕಾ? ಇನ್ನೊಂದು ಅನುಮಾನ: ತಂತಿ ಕೆರೆದರೆ ಒಳಗೆ ಬೆಳ್ಳಗಿದೆ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರಬೇಕು. ಹಾಗಿದ್ದರೆ ಪೈಪಿನಲ್ಲಿ ಶುದ್ಧ ತಾಮ್ರದ ಕ್ಯಾಟ್ 6 ಎಳೆಸೋದೇ ಒಳ್ಳೆಯದಾ? ಒಂಟಿ ಎಳೆಯ ತಂತಿಗೆ ಬೇರೆ ಕನೆಕ್ಟರ್ ತರಬೇಕಂತೆ, ಅಂಗಡಿಯಲ್ಲಿ ಏನಂತ ಕೇಳಲಿ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.