ಬ್ಯಾನರ್ ಇದ್ದರೂ ಕ್ಲಿಕ್ಕಿಗೆ ಮುಂಚೆಯೇ ಕುಕೀ ಬೀಳ್ತಿದೆ: ಯುರೋಪ್, ಬ್ರಿಟನ್ ನಿಯಮಕ್ಕೆ ಇದು ಸಾಕಾ?

ಅಂಗಡಿಸೈಟ್:
ಆನ್‌ಲೈನ್ ಮಾರಾಟದ ಸೈಟು. ಗಿರಾಕಿಗಳು ಫ್ರಾನ್ಸ್, ಜರ್ಮನಿ, ಬ್ರಿಟನ್‌ನವರು. ಕುಕೀಗೆ (ಸೈಟು ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತಿನ ಕಡತ) ಒಪ್ಪಿಗೆ ಕೇಳುವ ಬ್ಯಾನರಿನಲ್ಲಿ ‘ಒಪ್ಪಿದೆ’, ‘ಸೆಟ್ಟಿಂಗ್ಸ್’ ಅಂತ ಎರಡು ಬಟನ್. ಏನೂ ಒತ್ತದೆ ಸುಮ್ಮನೆ ಪುಟ ತೆರೆದರೂ ಗೂಗಲ್ ಅನಲಿಟಿಕ್ಸ್ (ಭೇಟಿಗಳ ಲೆಕ್ಕ ಇಡುವುದು) ಮತ್ತು ಫೇಸ್‌ಬುಕ್ ಪಿಕ್ಸೆಲ್‌ನ (ಜಾಹೀರಾತಿಗಾಗಿ ಭೇಟಿ ಗುರುತಿಸುವ ಕೋಡ್) ಕುಕೀಗಳು ಕೂತಿರುತ್ತವೆ. ಐಪಿ ವಿಳಾಸ ಮರೆಮಾಡಿದ್ದೇವೆ, ಹಾಗಾಗಿ ಇದು ವೈಯಕ್ತಿಕ ಮಾಹಿತಿಯೇ ಅಲ್ಲ, ಒಪ್ಪಿಗೆ ಬೇಡ ಅನ್ನೋದು ಡೆವಲಪರ್ ವಾದ. ಸರೀನಾ? ಇನ್ನೊಂದು: ಒಮ್ಮೆ ಖರೀದಿಸಿದವರಿಗೆ ಆಫರ್ ಮೇಲ್ ಕಳಿಸೋಕೆ ಬೇರೆ ಒಪ್ಪಿಗೆ ಬೇಕಾ?

ಟ್ಯಾಗ್‌ಪಂಡಿತ:
ಆ ವಾದ ನಿಲ್ಲಲ್ಲ. ಅವರು ಜಿಡಿಪಿಆರ್ (ಯುರೋಪಿನ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು) ತಲೆಯಲ್ಲಿಟ್ಟುಕೊಂಡು ಮಾತಾಡ್ತಿದ್ದಾರೆ. ಕುಕೀಗೆ ಮೊದಲು ಅನ್ವಯಿಸೋದು 2002ರ ಇ-ಪ್ರೈವಸಿ ನಿರ್ದೇಶನದ 5(3)ನೇ ವಿಧಿ. ಬ್ರಿಟನ್ನಿನಲ್ಲಿ 2003ರ ಪಿಇಸಿಆರ್ (ಎಲೆಕ್ಟ್ರಾನಿಕ್ ಸಂಪರ್ಕದ ಖಾಸಗಿತನದ ನಿಯಮಾವಳಿ) 6ನೇ ನಿಯಮ. ಬಳಕೆದಾರರ ಸಾಧನದಲ್ಲಿ ಏನನ್ನಾದರೂ ಇಟ್ಟರೂ, ಅಲ್ಲಿಂದ ಓದಿದರೂ ಒಪ್ಪಿಗೆ ಬೇಕು. ಅದು ವೈಯಕ್ತಿಕ ಮಾಹಿತಿಯೋ ಅಲ್ಲವೋ ಅನ್ನೋ ಪ್ರಶ್ನೆಯೇ ಬರಲ್ಲ. ಪ್ಲಾನೆಟ್49 ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಇದನ್ನೇ ಹೇಳಿತು; ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಒಪ್ಪಿಗೆ ಅಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಲೋಕಲ್ ಸ್ಟೋರೇಜಿಗೂ (ಬ್ರೌಸರಿನೊಳಗಿನ ಇನ್ನೊಂದು ಸಂಗ್ರಹ) ಇದೇ ಲೆಕ್ಕ. ಕಾರ್ಟ್, ಲಾಗಿನ್ ಸೆಷನ್, ಒಪ್ಪಿಗೆಯ ಆಯ್ಕೆಯನ್ನು ನೆನಪಿಡುವ ಕುಕೀ, ಮುಖ್ಯವಾಗಿ ಇಂಥವಕ್ಕೆ ವಿನಾಯಿತಿ; ಬ್ರಿಟನ್ನಿನ 2025ರ ಕಾಯ್ದೆ ಸೈಟಿನ ಸ್ವಂತ ಅಂಕಿಅಂಶದಂಥ ಕೆಲವಕ್ಕೂ ಷರತ್ತಿನ ವಿನಾಯಿತಿ ಸೇರಿಸಿದೆ.

ಇನ್ನು ರಿಪೇರಿ. ಹೊಸ ಪ್ರೈವೇಟ್ ವಿಂಡೋದಲ್ಲಿ ಡೆವಲಪರ್ ಟೂಲ್ಸ್ ಮೊದಲು ತೆರೆದು, ಆಮೇಲೆ ಪುಟ ಲೋಡ್ ಮಾಡಿ. ಬ್ಯಾನರ್ ಮುಟ್ಟಬೇಡಿ. ಅಪ್ಲಿಕೇಶನ್ ಟ್ಯಾಬಿನಲ್ಲಿ ಕುಕೀ ಪಟ್ಟಿ ನೋಡಿ, ನೆಟ್‌ವರ್ಕ್ ಟ್ಯಾಬಿನಲ್ಲಿ ಹೊರಗಿನ ಡೊಮೇನ್‌ಗಳಿಗೆ ಹೋದ ಕರೆಗಳ ‘ಇನಿಷಿಯೇಟರ್’ (ಯಾವ ಫೈಲು ಆ ಕರೆ ಮಾಡಿತು ಅನ್ನೋದು) ಕಾಲಂ ನೋಡಿ. ಟ್ಯಾಗ್ ಮ್ಯಾನೇಜರಿನಲ್ಲಿ (ಇಂಥ ಕೋಡ್ ತುಣುಕುಗಳನ್ನು, ಅಂದರೆ ಟ್ಯಾಗ್‌ಗಳನ್ನು, ಒಂದೆಡೆ ನಿಭಾಯಿಸುವ ಸಾಧನ) ತಡೆ ಹಾಕಿದ್ದರೂ ಪಿಕ್ಸೆಲ್ ಹಾರುತ್ತಿದ್ದರೆ, ಹತ್ತರಲ್ಲಿ ಎಂಟು ಸಲ ಅದೇ ಪಿಕ್ಸೆಲ್ ಥೀಮಿನ ಹೆಡರ್ ಫೈಲಿನಲ್ಲೋ ಯಾವುದೋ ಪ್ಲಗಿನ್ನಿನಲ್ಲೋ ಇನ್ನೊಮ್ಮೆ ಅಂಟಿಕೊಂಡಿರುತ್ತೆ. ಅದರ ಜೊತೆಗಿರುವ ‘ನೋಸ್ಕ್ರಿಪ್ಟ್’ ಇಮೇಜ್ ಸಾಲನ್ನೂ ತೆಗೆಯಿರಿ. ಜಾವಾಸ್ಕ್ರಿಪ್ಟ್ ಇಲ್ಲದ ಬ್ರೌಸರಿನಲ್ಲಿ ಅದು ಯಾರ ಅಪ್ಪಣೆಗೂ ಕಾಯಲ್ಲ.

ಗೂಗಲ್ ಕನ್ಸೆಂಟ್ ಮೋಡ್ (ಒಪ್ಪಿಗೆಗೆ ತಕ್ಕಂತೆ ಗೂಗಲ್ ಟ್ಯಾಗ್‌ಗಳ ವರ್ತನೆ ಬದಲಿಸುವ ವ್ಯವಸ್ಥೆ) ಬಳಸುವುದಾದರೆ ‘ಡಿಫಾಲ್ಟ್’ ಆದೇಶ ಟ್ಯಾಗ್ ಮ್ಯಾನೇಜರ್ ತುಣುಕಿಗಿಂತ ಮೇಲಿರಲೇಬೇಕು. ಜಾಹೀರಾತು ಸ್ಟೋರೇಜ್, ಅನಲಿಟಿಕ್ಸ್ ಸ್ಟೋರೇಜ್, ಜಾಹೀರಾತಿಗೆ ಬಳಕೆದಾರರ ಡೇಟಾ, ಜಾಹೀರಾತು ವೈಯಕ್ತೀಕರಣ: ನಾಲ್ಕೂ ‘ಡಿನೈಡ್’ (ಬೇಡ) ಇರಲಿ. ಕೆಳಗಿಟ್ಟರೆ ಟ್ಯಾಗ್ ಮೊದಲು ಓಡಿ, ನಿಮ್ಮ ‘ಬೇಡ’ ತಡವಾಗಿ ತಲುಪುತ್ತೆ. ಅಡ್ವಾನ್ಸ್ಡ್ ಮೋಡಿನಲ್ಲಿ ಕುಕೀ ಬೀಳದಿದ್ದರೂ ಗೂಗಲ್‌ಗೆ ಪಿಂಗ್ (ಚಿಕ್ಕ ಸಂಕೇತ) ಹೋಗುತ್ತಲೇ ಇರುತ್ತೆ. ನನ್ನ ಆಯ್ಕೆ ಬೇಸಿಕ್ ಮೋಡ್: ಒಪ್ಪಿಗೆ ಬರುವತನಕ ಟ್ಯಾಗೇ ಲೋಡ್ ಆಗಲ್ಲ.

ನಿರಾಕರಿಸುವ ಬಟನ್ ಮೊದಲ ಪರದೆಯಲ್ಲೇ ಇರಲಿ. ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲು ಆಗಲ್ಲ ಅನ್ನೋ ಕಾರಣಕ್ಕೇ ಫ್ರಾನ್ಸಿನ ಖಾಸಗಿತನ ನಿಯಂತ್ರಕ ಸಂಸ್ಥೆ ಸಿಎನ್‌ಐಎಲ್ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಘೋಷಿಸಿತು.

ಅಂಚೆಪೆಟ್ಟಿಗೆ:
ಮೇಲ್ ವಿಷಯ ನಾನು ಹೇಳ್ತೀನಿ. ಹಳೇ ಗಿರಾಕಿಗೆ ಬೇರೆ ಒಪ್ಪಿಗೆ ಇಲ್ಲದೆ ಕಳಿಸಬಹುದು, ಆದರೆ ಷರತ್ತುಗಳೆಲ್ಲ ಒಟ್ಟಿಗೆ ಕೂಡಿಬರಬೇಕು. ವಿಳಾಸ ಸಿಕ್ಕಿದ್ದು ಮಾರಾಟದ ಸಂದರ್ಭದಲ್ಲೇ ಆಗಿರಬೇಕು. ಪ್ರಚಾರ ನಿಮ್ಮದೇ, ಅದೇ ಬಗೆಯ ಸರಕಿನದಾಗಿರಬೇಕು. ವಿಳಾಸ ತಗೊಳ್ಳುವಾಗಲೂ, ಆಮೇಲಿನ ಪ್ರತಿ ಮೇಲಿನಲ್ಲೂ ‘ಬೇಡ’ ಅನ್ನಲು ದಾರಿ ಇರಬೇಕು. ಬಹಳ ಜನ ಎಡವೋದು ಚೆಕ್‌ಔಟ್ ಪುಟದಲ್ಲಿ: ಇಮೇಲ್‌ನ ಅಡಿಯಲ್ಲಿ ಅನ್‌ಸಬ್‌ಸ್ಕ್ರೈಬ್ ಇರುತ್ತೆ, ಚೆಕ್‌ಔಟಿನಲ್ಲಿ ಬೇಡ ಅನ್ನೋ ಬಾಕ್ಸೇ ಇರಲ್ಲ. ಹಾಗೆ ಕೂಡಿಟ್ಟ ಪಟ್ಟಿಗೆ ಈ ರಿಯಾಯಿತಿ ಸಿಗಲ್ಲ.

‘ಹಾಗಾದರೆ ಎಲ್ಲರಿಗೂ ಒಂದು ಮೇಲ್ ಹಾಕಿ ಒಪ್ಪಿಗೆ ಕೇಳಿಬಿಡೋಣ’ ಅನ್ನಬೇಡಿ. ಆ ಮೇಲೇ ಪ್ರಚಾರದ ಲೆಕ್ಕಕ್ಕೆ ಬರುತ್ತೆ. ಬ್ರಿಟನ್ನಿನ ಖಾಸಗಿತನ ನಿಯಂತ್ರಕ ಐಸಿಒ 2017ರಲ್ಲಿ ಇಂಥ ಮೇಲ್‌ಗಳಿಗೇ ವಿಮಾನ ಕಂಪನಿ ಫ್ಲೈಬಿಗೆ 70,000 ಪೌಂಡ್, ಹೋಂಡಾಗೆ 13,000 ಪೌಂಡ್ ದಂಡ ಹಾಕಿತ್ತು. ಆರ್ಡರ್ ದೃಢೀಕರಣದ ಮೇಲಿನಲ್ಲಿ ಕೂಪನ್ ತುರುಕಿದರೆ ಅದಕ್ಕೂ ಪ್ರಚಾರದ ನಿಯಮವೇ.

ಮೇಲ್ ಬೇಡ ಅಂತ ಹೊರಹೋದವರನ್ನು ಡೇಟಾಬೇಸಿನಿಂದ ಪೂರಾ ಅಳಿಸಬೇಡಿ. ಮುಂದಿನ ಆಮದಿನಲ್ಲಿ ಹಳೇ ಫೈಲಿಂದ ಅದೇ ವಿಳಾಸ ವಾಪಸ್ ನುಗ್ಗುತ್ತೆ. ‘ಕಳಿಸಬಾರದವರ ಪಟ್ಟಿ’ ಬೇರೆ ಇಟ್ಟು, ಪ್ರತಿ ಸಲ ಅದರ ಜೊತೆ ತಾಳೆ ನೋಡಿ. ಅನ್‌ಸಬ್‌ಸ್ಕ್ರೈಬ್ ಲಿಂಕ್ ತೆರೆದ ಕೂಡಲೇ ಹೆಸರು ತೆಗೆಯೋ ಹಾಗೆ ಮಾಡಬೇಡಿ, ಕಂಪನಿಗಳ ಮೇಲ್ ಸ್ಕ್ಯಾನರ್‌ಗಳು ಎಲ್ಲ ಲಿಂಕನ್ನೂ ತಾವೇ ತೆರೆದು ನೋಡ್ತವೆ. ಆರ್‌ಎಫ್‌ಸಿ 8058 ಅನ್ನೋ ಇಂಟರ್ನೆಟ್ ಮಾನದಂಡದ ಒಂದೇ ಕ್ಲಿಕ್ಕಿನ ವಿಧಾನ ಪೋಸ್ಟ್ ವಿನಂತಿ (ಬರೀ ಲಿಂಕ್ ತೆರೆದರೆ ಹೋಗದಂಥದ್ದು) ಬಳಸೋದು ಇದಕ್ಕೇ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಜಿಮೇಲ್ ಕೂಡ 2024ರಿಂದ ಇದನ್ನು ಕೇಳುತ್ತಿದೆ.

ಅಂಗಡಿಸೈಟ್:
ಧನ್ಯವಾದ. ಥೀಮ್ ಹೆಡರಿನಲ್ಲಿ ಪಿಕ್ಸೆಲ್ ನಿಜವಾಗಲೂ ಇತ್ತು! ಈಗ ಇನ್ನೊಂದು ತೊಡಕು: ಒಪ್ಪಿಗೆ ಹಿಂತೆಗೆದರೆ ಅನಲಿಟಿಕ್ಸ್ ಕುಕೀ ಅಳಿಸುವ ಕೋಡ್ ಬರೆದಿದ್ದೇವೆ. ಓಡುತ್ತೆ, ಎರರ್ ಇಲ್ಲ, ಕುಕೀ ಮಾತ್ರ ಹಾಗೇ ಇರುತ್ತೆ.

ಟ್ಯಾಗ್‌ಪಂಡಿತ:
ಡೊಮೇನ್ ಕೊಟ್ಟಿಲ್ಲ ಅನ್ಸುತ್ತೆ. ಅನಲಿಟಿಕ್ಸ್ ತನ್ನ ಕುಕೀಯನ್ನು ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಉಪಡೊಮೇನಿನ ಮೇಲಲ್ಲ, ಮುಖ್ಯ ಡೊಮೇನಿನ ಮೇಲೆ ಇಡುತ್ತೆ. ಅಳಿಸುವಾಗ ಹೆಸರು, ಡೊಮೇನ್, ಪಾತ್ ಮೂರೂ ಇಟ್ಟಾಗಿನಂತೆಯೇ ಇರಬೇಕು, ಅವಧಿ ಹಳೇ ದಿನಾಂಕಕ್ಕೆ ಇಳಿಸಬೇಕು. ಡೊಮೇನ್ ಬಿಟ್ಟರೆ ಬ್ರೌಸರ್ ಅದನ್ನು ಬೇರೆ ಕುಕೀ ಅಂತ ತಿಳಿದು ಸುಮ್ಮನಾಗುತ್ತೆ. ಕುಕೀ ಅಳಿಸಿದ ಮೇಲೆ ಪುಟ ಒಮ್ಮೆ ರೀಲೋಡ್ ಮಾಡಿಸಿ. ಇಲ್ಲದಿದ್ದರೆ ಆಗಲೇ ಓಡುತ್ತಿರುವ ಸ್ಕ್ರಿಪ್ಟ್ ಅದನ್ನು ಮತ್ತೆ ಬರೆದುಬಿಡುತ್ತೆ.